ಕೆರೆ ಕಾಯುವವಳ ತಮ್ಮ

ಸನಾತುವಿನ ಕಣಕಾಲಿನ ಬೊಬ್ಬೆ ಒಡೆದು, ಬಿಳಿ ನೂಲಿನಂಥ ಹುಳ ಹೊರಗೆ ತಲೆ ಹಾಕಿತ್ತು. ದಾದಿ ಅದರ ತುದಿಯನ್ನು ಕಡ್ಡಿಗೆ ಸುತ್ತಿ ಕೂದಲೆಳೆಯಷ್ಟೇ ಎಳೆದಳು. ಆತುರಪಟ್ಟರೆ ತುಂಡಾಗುತ್ತದೆ, ತುಂಡಾದರೆ ಕಾಲೇ ಕೀವುಗಟ್ಟುತ್ತದೆ. ಚೀರುತ್ತಿದ್ದ ಮಗಳ ತಲೆಯನ್ನು ಅಜಾರಾ ಎದೆಗೊತ್ತಿ ಹಿಡಿದಳು.

ಉತ್ತರ ಘಾನಾದ ಆ ಹಳ್ಳಿಗೆ ಇದ್ದದ್ದು ಒಂದೇ ಕೆರೆ. ಕೊಳವೆಬಾವಿ ಪ್ರತಿ ಚುನಾವಣೆಗೂ ಭಾಷಣದಲ್ಲಿ ಬಂದು ಭಾಷಣದಲ್ಲೇ ಬತ್ತುತ್ತಿತ್ತು. ಹೀಗೆ ಹುಳ ಹೊರಬರುವ ನಾರುಹುಣ್ಣಾದವರು ಉರಿ ತಾಳದೆ ನೀರಿಗೆ ಕಾಲಿಟ್ಟರೆ ಹುಳ ಅಲ್ಲೇ ಮರಿ ಉಗುಳುತ್ತದೆ. ಆ ನೀರು ಕುಡಿದವರ ಮೈಯೊಳಗೆ ಆ ಮರಿ ವರ್ಷವಿಡೀ ಸದ್ದಿಲ್ಲದೆ ಉಂಡು ಬೆಳೆಯುತ್ತದೆ. ಅದಕ್ಕೇ ಕೆರೆಗೊಬ್ಬಳು ಕಾವಲಿನವಳು. ಹುಣ್ಣಾದವರು ದಡದಾಚೆಯೇ ನಿಲ್ಲಬೇಕು, ಅವರಿಗೆ ನೀರು ಅವಳೇ ತುಂಬಿಕೊಡಬೇಕು. ಆ ಕಾವಲಿನವಳು ಅಜಾರಾ. ಊರೆಲ್ಲ ಬಟ್ಟೆಯಲ್ಲಿ ಸೋಸಿ ಕುಡಿಯುವಾಗ ಅವಳು ಮಾತ್ರ, ನಾನೇ ಕಾವಲಿರುವ ನೀರು ಎಂಬ ಹೆಮ್ಮೆಯಲ್ಲಿ, ಮಗಳಿಗೆ ಬೊಗಸೆಯಿಂದಲೇ ಕುಡಿಸಿದ್ದಳು.

"ಕಾವಲಮ್ಮನ ಮನೇಲೇ ಹುಳ! ದಡದ ಮೇಲೆ ಗೊರಕೆ ಹೊಡೀತಿದ್ಯೇನೇ?" ಬಾಗಿಲಲ್ಲಿ ನಿಂತ ನೆರೆಮನೆಯ ಮೆಮುನಾ ಚುಚ್ಚಿದಳು.

ಹುಡುಗಿಯ ಕಾಲು ಹಿಡಿಯಲು ಅಜಾರಾಳ ತಮ್ಮ ನಪಾರಿ ಮೊಣಕಾಲೂರಿ ಕೂತ. ಷರಾಯಿ ಮೇಲೆ ಸರಿಯಿತು. ಅವನ ಮೀನಖಂಡದಲ್ಲಿ ದುಂಡನೆಯ ಕಲೆ.

"ಇದೂ ಅದೇ ಹುಣ್ಣಲ್ವಾ?" ಎಂದಳು ದಾದಿ.

"ಮುಳ್ಳು ತಾಗಿದ್ದು," ಎಂದು ನಪಾರಿ ಷರಾಯಿ ಎಳೆದುಕೊಂಡ.

ಅಜಾರಾಳಿಗೆ ಹೋದ ಬೇಸಿಗೆಯ ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ನಪಾರಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೆರೆಗೆ ಬಂದಿದ್ದ. "ಹೋಗಕ್ಕಾ, ಮುದ್ದೆ ಆರೋಗತ್ತೆ, ಉಂಡು ಬಾ. ಕೆರೆಯೇನು ಓಡಿಹೋಗತ್ತಾ? ನಾನಿದೀನಲ್ಲ." ಉಂಡು ಬಂದಾಗ ಅವನ ಷರಾಯಿ ಮೊಣಕಾಲವರೆಗೆ ಒದ್ದೆ. "ಏನ್ ಬಿಸಿಲಪ್ಪಾ!" ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು.

ಅವನನ್ನು ಅಂಗಳಕ್ಕೆ ಎಳೆದು ಕೇಳಿದಳು: "ನೀರಿಗಿಳಿದ್ಯೇನೋ?"

"ಬೆಂಕಿ ಇಟ್ಟಂಗಿತ್ತಕ್ಕಾ. ಮದುವೆ ಮಾತಾಗಿತ್ತು. ಗೊತ್ತಾಗಿದ್ರೆ ಹೆಣ್ಣು ಕೊಡ್ತಿದ್ರಾ? ಯಾರಿಗೂ ಹೇಳ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ."

"ನಂಗಾದ್ರೂ ಹೇಳ್ಬಾರ್ದಿತ್ತೇನೋ? ನಾನೇ ತುಂಬಿಕೊಡ್ತಿದ್ದೆನಲ್ಲೋ!"



ಮರುದಿನ ಬೆಳಿಗ್ಗೆ ಅವನು ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಕೆರೆಗೆ ಬಂದ. ಅಜಾರಾ ಕಾವಲಿನ ಕೋಲು ಅಡ್ಡ ಹಿಡಿದಳು. ಅವನ ಕೈಯಿಂದ ಕ್ಯಾನು ಕಿತ್ತು, ತಾನೇ ತುಂಬಿ, ಹುಣ್ಣಾದವರಿಗೆ ಇಡುವ ಹಾಗೆ ದಡದಾಚೆ ಇಟ್ಟಳು. ನೀರಿಗೆ ಬಂದಿದ್ದ ಹೆಂಗಸರು ತಿರುಗಿ ನೋಡಿದರು.

"ಅಯ್ಯೋ, ಇವನಿಗೇನಾಗಿದ್ಯೇ?" ಎಂದಳು ಮೆಮುನಾ.

"ಹೋದ ವರ್ಷ ಆಗಿತ್ತು," ಅಜಾರಾ ಎಲ್ಲರಿಗೂ ಕೇಳುವಂತೆ ಹೇಳಿದಳು. "ಅವತ್ತು ತುಂಬಿಕೊಡಬೇಕಿದ್ದ ನೀರು ಇದು."

ಆಮೇಲೆ ಮೆಮುನಾಳ ಮುಂದೆಯೇ, ತನ್ನ ಕೊಡದ ಬಾಯಿಗೆ ಸೋಸುಬಟ್ಟೆ ಕಟ್ಟಿದಳು.