ಪಾತ್ರೆಯ ತಳದ ಹೆಸರು

ಆಲೂಗಡ್ಡೆ, ಕೈಮಾ, ಅಣಬೆ ಸೂಪು, ಮೂರೂ ಒಟ್ಟಿಗೆ ಬೇಯಿಸಿದ ವಾಸನೆ, ಬಾಗಿಲು ತೆಗೆಯೋ ಮೊದಲೇ ಮೂಗಿಗೆ ಗೊತ್ತಾಯ್ತು, ಚರ್ಚಿನ ಮಾರ್ಡೆಲ್ ಬಂದಿದಾಳೆ, ಈ ವಾರ ಮನೆಗೆ ಬಂದ ನಾಲ್ಕನೇ ಪಾತ್ರೆ, ಬೂಟಿನ ಹಿಮ ಕೊಡವುತ್ತಾ, ಏನೋ ಆರ್ವಿಡ್, ಹೀಗಾ ಸೊರಗೋದು, ಹೊಟ್ಟೆ ತುಂಬ ಉಂಡ್ರೆ ತಾನೇ ಲಿವರ್ ಸುಧಾರಿಸೋದು, ಒಂದು ತುತ್ತೂ ಬಿಡಬಾರದು ನೋಡು ಅಂದಳು — ಹ್ಞೂಂ ಅಂದೆ, ಅವಳ ಕಾರು ತಿರುವು ದಾಟೋವರೆಗೆ ಕೈ ಬೀಸಿದೆ, ಇನ್ನೇನು ಹೇಳಲಿ, ನನ್ನ ಹೊಟ್ಟೆ ಈಗ ಒಂದು ಬಾಳೆಹಣ್ಣಿನಷ್ಟೇ ಇದೆ ಅಂತಲಾ, ಹೋದ ವರ್ಷ ಮುಕ್ಕಾಲು ಭಾಗ ಕತ್ತರಿಸಿ ತೆಗೆದರು, ನಾಲ್ಕು ಚಮಚಕ್ಕೆ ತುಂಬುತ್ತೆ, ಐದನೆಯದು ವಾಪಸ್ ಬರುತ್ತೆ. ಊರಿಗೆ ಹೇಳಿದ್ದು ಲಿವರ್ ಕೆಟ್ಟಿದೆ ಅಂತ ಮಾತ್ರ, ಕುಡಿದೂ ಕುಡಿದೂ ಹೀಗಾಯ್ತು ಅಂದುಕೊಂಡರು, ಜನ್ಮದಲ್ಲಿ ಬಿಯರ್ ಮುಟ್ಟಿದವನಲ್ಲ ನಾನು, ಬರೀ ಕೊಬ್ಬು, ಲಿವರಿನೊಳಗೂ ಕೊಬ್ಬು — ಕುಡುಕ ಅನ್ನಿಸಿಕೊಂಡರೂ ಪರವಾಗಿಲ್ಲ, ಮೈ ಇಳಿಸೋಕೆ ಹೊಟ್ಟೆ ಕೊಯ್ಸಿಕೊಂಡ ಅನ್ನಿಸಿಕೊಳ್ಳೋಕೆ ನಾಚಿಕೆ, ಎಂಥ ಮರ್ಯಾದೆಯೋ ನಂದು. ಮುನ್ನೂರ ಐವತ್ತು ಪೌಂಡ್ ಇದ್ದಾಗ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು, ಈ ತೂಕಕ್ಕೆ ಹೊಸ ಲಿವರ್ ಹಾಕಲ್ಲ, ಇಳಿದು ಬನ್ನಿ. ಇಳಿದೆ. ಇವತ್ತು ಬೆಳಿಗ್ಗೆ ತಕ್ಕಡಿಯಲ್ಲಿ ಇನ್ನೂರ ಅರವತ್ತೆರಡು, ನರ್ಸ್ ಟೆಸ್ಸಾ ನಕ್ಕಳು, ಗೆದ್ದುಬಿಟ್ರಿ ಅಜ್ಜ, ಈ ಕಾಗದದಲ್ಲಿ ಇನ್ನೊಂದೇ ಸಾಲು ಬಾಕಿ, ಆಪರೇಷನ್ ಆದ್ಮೇಲೆ ಮೂರು ತಿಂಗಳು ಜೊತೆಗಿರೋರ ಹೆಸರು, ಅದಿಲ್ಲದೆ ಹೊಸ ಲಿವರಿನ ಸರದಿಗೆ ಸೇರಿಸೋಲ್ಲ, ಐದು ಗಂಟೆಯೊಳಗೆ ಫೋನ್ ಮಾಡಿ.

ಗಂಟೆ ನಾಲ್ಕು. ಕಾಗದ ಮೇಜಿನ ಮೇಲೆ, ಪಕ್ಕದಲ್ಲಿ ಪೆನ್ನು, ಮಾರ್ಡೆಲ್‌ನ ಕೇಳಬಹುದಿತ್ತು, ಕೇಳಿದ್ರೆ ಇಲ್ಲ ಅನ್ನೋಳಲ್ಲ, ಆದರೆ ಹೊಟ್ಟೆಯ ವಿಷಯ ಹೇಳಬೇಕು, ಅವಳ ಹಿಂದಿನ ಮೂರು ಊಟವೂ ಕಸದ ಬುಟ್ಟಿಗೆ ಹೋಯ್ತು ಅಂತ ಹೇಳಬೇಕು, ರುಚಿಯಾಗಿತ್ತು ಅಂತ ಅವಳ ಮುಖ ನೋಡಿಕೊಂಡೇ ಸುಳ್ಳು ಹೇಳಿದೀನಲ್ಲ — ನಿಂತುಕೊಂಡೇ ನಾಲ್ಕು ಚಮಚ ತಿಂದೆ, ಬಿಸಿಯಾಗಿತ್ತು, ಅಳು ಬಂತು, ಉಳಿದಿದ್ದು ಕೆರೆದು ಬುಟ್ಟಿಗೆ ಹಾಕಿದೆ. ಪಾತ್ರೆ ತೊಳೆದು ತಳಕ್ಕೆ ಅಂಟಿಸಿದ ಪಟ್ಟಿಯಲ್ಲಿ ಯಾರ ಹೆಸರಿದೆಯೋ ಅವರ ಮನೆಗೆ ಮುಟ್ಟಿಸಬೇಕು, ಖಾಲಿ ಕೊಡಬಾರದು, ನನ್ನ ಹೆಂಡತಿ ಲೋರ್ನಾ ಇದ್ದಾಗ ಶುಂಠಿ ಬಿಸ್ಕತ್ತು ತುಂಬಿ ಕಳಿಸ್ತಿದ್ದಳು, ಖಾಲಿ ಪಾತ್ರೆ ಕೊಟ್ರೆ ಜನ ಏನಂದ್ಕೊಂಡಾರು ಅಂತಿದ್ದಳು, ಅವಳು ತೀರಿಹೋಗಿ ಆರು ವರ್ಷ, ಈಗ ನಾನು ಅಂಗಡಿಯದ್ದು ತುಂಬ್ತೀನಿ. ಸೋಪಿನ ನೊರೆ, ಬಿಸಿನೀರು, ಪಾತ್ರೆ ಮಗುಚಿದೆ — ಹಳದಿಗಟ್ಟಿದ ಪಟ್ಟಿ, ಹಸಿರು ಶಾಯಿ, ವಾಲಿದ ಅಕ್ಷರ, ಲೋರ್ನಾ. ಯಾವತ್ತೋ ಯಾರದೋ ಕಾಯಿಲೆಗೆ ಇಲ್ಲಿಂದ ಹೊರಟ ಪಾತ್ರೆ ಇದು, ಮನೆ ಮನೆ ಸುತ್ತಿದೆ, ತಳ ನೋಡದೇ ತುಂಬಿ ತಂದಿದಾಳೆ ಮಾರ್ಡೆಲ್, ಇದನ್ನ ಯಾರ ಮನೆಗೆ ಮುಟ್ಟಿಸಲಿ, ಏನು ತುಂಬಲಿ — ಫೋನ್ ತಗೋ ಆರ್ವಿಡ್, ಮಾರ್ಡೆಲ್‌ಗೆ ಒಂದು ಮಾತು, ಪೆನ್ನಾದ್ರೂ ತಗೋ, ನಾಲ್ಕೂವರೆ ಆಯ್ತು, ಜೊತೆಗಿರೋರ ಹೆಸರು, ಒದ್ದೆ ಕೈ ಪಾತ್ರೆ ಬಿಡ್ತಿಲ್ಲ, ಕಾಗದದ ಸಾಲು ಇನ್ನೂ ಖಾಲಿ, ಜೊತೆಗಿರೋರ ಹೆಸರು — ಹಳದಿ ಪಟ್ಟಿ, ಹಸಿರು ಶಾಯಿ, ಲೋರ್ನಾ