ಬಚ್ಚಲುಮನೆಯ ರಾಷ್ಟ್ರಪಕ್ಷಿ

ಇಡೀ ದೇಶದಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ ರಾಷ್ಟ್ರಪಕ್ಷಿ ಬಂದು ಗೂಡು ಕಟ್ಟಿದ್ದು ಆ ಮನೆಯ ಬಚ್ಚಲುಮನೆಯ ಗವಾಕ್ಷಿಯಲ್ಲಿ. ನಾಣ್ಯದ ಮೇಲೆ ರೆಕ್ಕೆ ಬಿಚ್ಚಿ ಗಂಭೀರವಾಗಿ ನಿಲ್ಲುವ ಹಕ್ಕಿ ಇಲ್ಲಿ ಪೊರಕೆಕಡ್ಡಿ, ಹಳೇ ಬನಿಯನ್ನಿನ ದಾರ ಕೂಡಿಸಿಕೊಂಡು ಸಂಸಾರ ಹೂಡಿತ್ತು. ಬಹುಮಾನ ಕೊಟ್ಟಾರೆಂಬ ಆಸೆಯಿಂದ ಸೊಸೆ ಲಾಂಛನ ಇಲಾಖೆಗೆ ಸುದ್ದಿ ಮುಟ್ಟಿಸಿದಳು. ಅವರು ಕೊಟ್ಟದ್ದು ಒಬ್ಬ ಕಾವಲುಗಾರನನ್ನು ಮತ್ತು ಒಂದು ಬೋರ್ಡನ್ನು: ‘ರಾಷ್ಟ್ರಪಕ್ಷಿಗೆ ತೊಂದರೆ ಕೊಟ್ಟವರಿಗೆ ಜೈಲು.’

ಅಧಿಕಾರಿ ಖುದ್ದಾಗಿ ಬಂದು ಬಾಗಿಲಿಗೆ ಮೊಹರು ಹಾಕಿಸಿದರು.

“ಮರಿ ಹಾರೋವರೆಗೂ ಯಾರೂ ಒಳಗೆ ಹೋಗೋ ಹಾಗಿಲ್ಲ.”

“ಅಲ್ಲಪ್ಪ, ನಾವು ಸ್ನಾನ ಎಲ್ಲಿ ಮಾಡೋದು?” ಅತ್ತೆ ಕೇಳಿದಳು.

“ದೇಶಕ್ಕೋಸ್ಕರ ಜನ ಪ್ರಾಣಾನೇ ಕೊಟ್ಟಿದ್ದಾರಮ್ಮ.”

“ಪ್ರಾಣ ಒಂದು ಸಲ ಕೊಟ್ಟರೆ ಮುಗೀತು. ಸ್ನಾನ ದಿನಾ ಆಗಬೇಕಲ್ಲ.”

ಉಳಿದ ದಾರಿ ಒಂದೇ, ಪಕ್ಕದ ಮನೆ. ಅದು ಅತ್ತೆಯ ಓರಗಿತ್ತಿಯದು. ಎರವಲು ಹೋದ ಹೊಲಿಗೆ ಯಂತ್ರವೊಂದು ಕುಂಟುತ್ತಾ ವಾಪಸು ಬಂದಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ಈಗ ಅತ್ತೆ ದಿನಾ ಬೆಳಗ್ಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅದೇ ಬಾಗಿಲು ತಟ್ಟಬೇಕಾಯಿತು.

“ಬನ್ನಿ ಅಕ್ಕ,” ಎನ್ನುವಳು ಓರಗಿತ್ತಿ, ಬೆಣ್ಣೆಯಂಥ ದನಿಯಲ್ಲಿ. “ನಿಮ್ಮನೇಲಿ ದೊಡ್ಡವರು ಬಂದು ಇಳ್ಕೊಂಡಿದ್ದಾರಂತೆ. ಸೋಪು ಮಾತ್ರ ನೆಲದ ಮೇಲೆ ಬಿಡಬೇಡಿ. ನಮ್ಮಲ್ಲಿ ಎಲ್ಲದಕ್ಕೂ ಒಂದು ಜಾಗ ಅಂತಿದೆ.”

ಅತ್ತೆ ಮೈ ತೊಳೆದುಕೊಂಡು, ಮರ್ಯಾದೆ ಕಳೆದುಕೊಂಡು ಮನೆಗೆ ಬರುವಳು. “ಇನ್ನೊಂದು ವಾರ ಅವಳ ಬಿಸಿನೀರು ಹುಯ್ಕೊಂಡ್ರೆ ನಾನು ಉಳಿಯೋಳಲ್ಲ. ನಿಂಗೆ ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತೆ?” ಎಂದು ಸೊಸೆಯ ಮೇಲೆ ಹರಿಹಾಯುವಳು. ಸೊಸೆ ಈಗ ಬಾಯಿ ಮುಚ್ಚಿಕೊಂಡೇ ಇದ್ದಳು.

ಅಂತೂ ಮೊಟ್ಟೆಯೊಡೆದು ಮರಿ ಹೊರಬಂತು. ಅಧಿಕಾರಿ ಫೋಟೋದವರನ್ನೂ ಏಣಿಯನ್ನೂ ಕರೆತಂದರು. ಮೊಹರು ಒಡೆಸಿ, ಏಣಿ ಹತ್ತಿ ಇಣುಕಿದವರು ಅಲ್ಲೇ ನಿಂತುಬಿಟ್ಟರು. ಮರಿಯ ಕೊಕ್ಕು ಕೆಂಪಗಿತ್ತು.

ಕೆಂಪು ಕೊಕ್ಕು ಪಕ್ಕದ ದೇಶದ ರಾಷ್ಟ್ರಪಕ್ಷಿಯದು. ಅದು ಗೂಡು ಕಟ್ಟುವುದಿಲ್ಲ. ಕಂಡವರ ಗೂಡಿನಲ್ಲಿ ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಅಲ್ಲಿನ ಜನರೂ ಹಾಗೆಯೇ ಎಂದು ಇಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ಸದಾ ಎಚ್ಚರದ ಸಂಕೇತವಾದ ನಮ್ಮ ಹಕ್ಕಿಯೋ, ಆ ಕೆಂಪು ಬಾಯಿಗೆ ಅಕ್ಕರೆಯಿಂದ ಹುಳು ತುರುಕುತ್ತಿತ್ತು.

“ಬೆಳಕು ಸರಿಯಿಲ್ಲ,” ಎಂದು ಅಧಿಕಾರಿ ಫೋಟೋದವರನ್ನು ಬೀದಿಗೆ ಕಳಿಸಿದರು. ಕಾವಲುಗಾರನತ್ತ ಬಾಗಿ, “ತೆಗೆದು ಬಿಸಾಕು,” ಎಂದರು.

“ತಾಯಿಗೆ ತೊಂದರೆ ಆಗುತ್ತಲ್ಲ ಸಾರ್. ಬೋರ್ಡು ನೀವೇ ಹಾಕ್ಸಿದ್ದು.”

ಅಧಿಕಾರಿ ಏಣಿಯ ಮೇಲೆಯೇ ಬೆವರು ಒರೆಸಿಕೊಂಡರು. ಬೆವರಿನ ಜೊತೆಗೆ ಉಪಾಯವೂ ಬಂತು. “ಇದು ಗುಬ್ಬಚ್ಚಿ ಗೂಡು. ಯಾರೋ ತಪ್ಪು ಮಾಹಿತಿ ಕೊಟ್ಟಿದ್ದಾರೆ. ಹಾಗಂತ ಬರೆದುಕೊಡ್ತೀನಿ.”

“ಹಾಗಾದ್ರೆ ಬಚ್ಚಲುಮನೆ ನಮ್ದೇನಪ್ಪ?” ಅತ್ತೆ ಕೆಳಗಿನಿಂದ ಕೇಳಿದಳು.

“ಯಾವತ್ತೂ ನಿಮ್ದೇ ಅಲ್ವೇನಮ್ಮ.” ಆದರೂ ಅವರು ಕೆಳಗಿಳಿಯಲಿಲ್ಲ. ಬೀದಿಯಲ್ಲಿ ಫೋಟೋದವರು ಕಾಯುತ್ತಿದ್ದರು. ಅವರಿಗೆ ಏನನ್ನಾದರೂ ತೋರಿಸಲೇಬೇಕಿತ್ತು.

ಅತ್ತೆಗೆ ಅವರ ಕಷ್ಟ ಅರ್ಥವಾಯಿತು. “ಪಕ್ಕದ ಮನೆ ಬಚ್ಚಲಲ್ಲೂ ಏನೋ ಚಿಲಿಪಿಲಿ ಅಂತಿತ್ತಪ್ಪ,” ಎಂದಳು. “ದಿನಾ ಅಲ್ಲೇ ಸ್ನಾನ ಮಾಡ್ತಿದ್ನಲ್ಲ, ಕಿವಿಗೆ ಬಿತ್ತು.”

ಈ ಸಲ ಅಧಿಕಾರಿ ಇಣುಕಿ ನೋಡುವ ಗೋಜಿಗೇ ಹೋಗಲಿಲ್ಲ. ಒಮ್ಮೆ ನೋಡಿ ಕೆಟ್ಟಿದ್ದು ಸಾಕಾಗಿತ್ತು. ಓರಗಿತ್ತಿ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿಗೆ ಮೊಹರು ಬಿತ್ತು, ಪಕ್ಕದಲ್ಲಿ ಬೋರ್ಡು ನಿಂತಿತು. ಮೊಹರಿನ ಫೋಟೋ ಬಹಳ ಚೆನ್ನಾಗಿ ಬಂತು.

ಮರುದಿನ ಬೆಳಗ್ಗೆ ಓರಗಿತ್ತಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಬಾಮ್ಮ,” ಎಂದಳು ಅತ್ತೆ. “ಸೋಪು ಎಲ್ಲಿಡಬೇಕು ಅಂತ ನಿಂಗೆ ಹೇಳ್ಕೊಡಬೇಕಾ?”

ಸ್ವಲ್ಪ ಹೊತ್ತಿಗೆ ಒಳಗಿನಿಂದ ನೀರಿನ ಸದ್ದಿನ ನಡುವೆ ದನಿ ಕೇಳಿತು. “ಅಕ್ಕ, ಇಲ್ಲಿ ಮೇಲೆ ಯಾವುದೋ ಮರಿ ಕೂಗ್ತಿದೆಯಲ್ಲ?”

“ಗುಬ್ಬಚ್ಚಿ ಕಣೆ,” ಎಂದಳು ಅತ್ತೆ. “ಇಲಾಖೆಯವರೇ ಬರೆದುಕೊಟ್ಟಿದ್ದಾರೆ.”