ಸುಭಾನ ಬರೆಸಿದ ಸುತ್ತುಗಳು

ಶೇಗಾಂವದ ಸುಭಾನ ಸುಟ್ಟ ಪಂಪಿನ ಮೋಟಾರು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿಕೊಡುವವನು. ಯಾವ ಮೋಟಾರಿಗೆ ಎಷ್ಟು ಸುತ್ತು, ಎಷ್ಟು ದಪ್ಪದ ತಂತಿ ಎಂಬುದನ್ನೆಲ್ಲ ಮೂವತ್ತು ವರ್ಷ ವಹಿಗಳಲ್ಲಿ ಬರೆದಿಟ್ಟಿದ್ದ.

2004ರಲ್ಲಿ ಅವನ ಅಣ್ಣನ ಮಗಳು ಯಾಸ್ಮಿನ ಜತ್ತದ ಕಾಲೇಜು ಸೇರಿದಳು. ಅಲ್ಲಿನ ಸೈಬರ್ ಕೆಫೆಯಲ್ಲಿ ಒಂದು ಫೋರಂ ಅವಳ ಕಣ್ಣಿಗೆ ಬಿತ್ತು. ಮೋಟಾರು ಸುತ್ತುವವರು ಎಲ್ಲೆಲ್ಲಿಂದಲೋ ಒಬ್ಬರನ್ನೊಬ್ಬರು ಕೇಳಿ ತಿಳಿದುಕೊಳ್ಳುವ ಜಾಗ ಅದು. ಸುಭಾನ ತಂತಿ ತರಲು ಜತ್ತಕ್ಕೆ ಹೋದಾಗೆಲ್ಲ ವಹಿ ಹಿಡಿದು ಅವಳ ಪಕ್ಕ ಕೂಡತೊಡಗಿದ. ಅವನು ಹೇಳುತ್ತಿದ್ದ, ಅವಳು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಿದ್ದಳು. ನಾಗಪುರದಿಂದ, ಹುಬ್ಬಳ್ಳಿಯಿಂದ ಗುರುತಿಲ್ಲದವರು ಉಪಕಾರವಾಯಿತೆಂದು ಬರೆದರೆ ಅದನ್ನು ಎರಡು ಸಲ ಓದಿಸಿಕೊಳ್ಳುತ್ತಿದ್ದ. ಮೂರು ವರ್ಷದಲ್ಲಿ ವಹಿಯಲ್ಲಿದ್ದದ್ದೆಲ್ಲ ಅಲ್ಲಿ ಏರಿತು. ಒಂದು ಮಳೆಗಾಲ ವಹಿಗಳಿಗೆ ಗೆದ್ದಲು ಹತ್ತಿದಾಗ ಅವನಿಗೆ ಅಂಥ ಸಂಕಟವೇನೂ ಆಗಲಿಲ್ಲ.

ಮರುವರ್ಷ ಅಸಂಗಿಯ ಅಣ್ಣಾರಾಯ ಒಂದು ಹಳೆಯ ಮೋಟಾರು ತಂದ. ಒಳಗಿನ ತಂತಿಯನ್ನು ಯಾರೋ ಮೊದಲೇ ಕಿತ್ತು ಎಸೆದಿದ್ದರಿಂದ ಸುತ್ತು ಎಣಿಸಿ ನೋಡುವಂತಿರಲಿಲ್ಲ. ಅದನ್ನು ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ಲೆಕ್ಕ ಬರೆಸಿದ್ದು ಸುಭಾನನಿಗೆ ನೆನಪಿತ್ತು, ಅಂಕಿ ನೆನಪಿರಲಿಲ್ಲ. ಯಾಸ್ಮಿನಳನ್ನು ಕರೆದುಕೊಂಡು ಕೆಫೆಗೆ ಹೋದ.

ಪುಟ ತೆರೆಯಿತು. ಅವನ ಹೆಸರಿನ ಕೆಳಗೆ ಎರಡೇ ಸಾಲು, ಆಮೇಲೆ ಒಂದು ಚೌಕ. ಯಾಸ್ಮಿನ ಅದರೊಳಗಿನ ಇಂಗ್ಲಿಷ್ ಸೂಚನೆಯನ್ನು ಓದಿದಳು.

"ಚಾಚಾ, ಇನ್ನ ಮುಂದ ಮೆಂಬರ ಆದವ್ರಿಗಷ್ಟ ತೋರಸ್ತಾರಂತ. ವರ್ಷಾ ರೊಕ್ಕ ತುಂಬಬೇಕು, ಅದೂ ಕ್ರೆಡಿಟ್ ಕಾರ್ಡಿನ್ಯಾಗ."

"ಬರಸಿದಾಂವ ನಾನ ಅಲ್ಲೇನ?"

"ಬರಸಿದವ್ರಿಗೂ ಹಂಗ ಐತಿ."

ಅಂಥ ಕಾರ್ಡು ಕೆಫೆಯವನ ಹತ್ತಿರವೂ ಇರಲಿಲ್ಲ. ಯಾಸ್ಮಿನ ಫೋರಂ ನಡೆಸುವವನಿಗೆ ಪತ್ರ ಬರೆದಳು. ನಾಲ್ಕು ದಿನಕ್ಕೆ ಮರ್ಯಾದೆಯ ಉತ್ತರವೇ ಬಂತು. ಫೋರಂ ನಡೆಸುವ ಖರ್ಚು ನನಗೆ ನೀಗುತ್ತಿಲ್ಲ, ಸುಭಾನರ ಉಪಕಾರ ದೊಡ್ಡದು, ಅವರಿಗೆ ಹದಿನೈದು ದಿನ ಬಿಟ್ಟಿಯಾಗಿ ತೆರೆದಿಡುತ್ತೇನೆ, ಅಲ್ಲಿದ್ದದ್ದನ್ನು ಹೊರಗಿನವರಿಗೆ ಕೊಡಬಾರದು ಎಂದಿತ್ತು.

ಅಣ್ಣಾರಾಯನ ಮೋಟಾರಿನ ಅಂಕಿ ಮೊದಲ ದಿನವೇ ಸಿಕ್ಕಿತು. ಕೆಫೆಯ ಪ್ರಿಂಟರು ಕೆಟ್ಟಿದ್ದರಿಂದ ಉಳಿದದ್ದನ್ನು ಯಾಸ್ಮಿನ ಕೈಯಿಂದಲೇ ಹೊಸ ವಹಿಗೆ ಇಳಿಸತೊಡಗಿದಳು. ಆ ಬೇಸಿಗೆಯಲ್ಲಿ ದಿನಕ್ಕೆ ಹತ್ತು ತಾಸು ಲೈಟು ಹೋಗುತ್ತಿತ್ತು. ಇಬ್ಬರೂ ಕೆಫೆಯ ಕಟ್ಟೆಯ ಮೇಲೆ ಬೆವರುತ್ತ ಕಾಯುತ್ತಿದ್ದರು. ಲೈಟು ಬಂದಾಗ ಒಳಗೆ ಓಡಿ ನಾಲ್ಕು ಪುಟ ಬರೆಯುವಷ್ಟರಲ್ಲಿ ಮತ್ತೆ ಹೋಗುತ್ತಿತ್ತು. ಅವಳ ಬೆರಳು ಬಾತವು. ಹದಿನಾರನೆಯ ದಿನ ಚೌಕ ಮತ್ತೆ ಬಂತು. ಅರ್ಧವೂ ಮುಗಿದಿರಲಿಲ್ಲ.

ಇನ್ನೊಮ್ಮೆ ಕೇಳಲೇ ಎಂದು ಯಾಸ್ಮಿನ ಅಂದಳು. ಬೇಡವೆಂದ. ತಾನೇ ಬರೆಸಿದ್ದನ್ನು ಮತ್ತೆ ಬೇಡಿ ಪಡೆಯುವುದು ಅವನಿಗೆ ಸಾಕಾಗಿತ್ತು.

ವಾರದ ಮೇಲೆ ಸನಮಡಿಯ ಲಗಮಣ್ಣ ಬಂದ. ಅವನೂ ಮೋಟಾರು ಸುತ್ತುವವನೇ. ಕೆಲಸ ಕಲಿತದ್ದು ಆ ಫೋರಂ ನೋಡಿ. ತನಗೂ ಬಾಗಿಲು ಮುಚ್ಚಿತೆಂದು ಹೇಳಿಕೊಂಡ. ಸುಭಾನ ಹೊಸ ವಹಿ ತೆಗೆದು ಅವನ ಮುಂದಿಟ್ಟ. ಯಾಸ್ಮಿನ ಪತ್ರದ ಮಾತು ನೆನಪಿಸಿದಳು.

"ನನ್ನ ಕೈಯಾಗಿಂದು ಕೊಡಾಕ ನಾ ಯಾರನ್ನ ಕೇಳ್ಲಿ, ಬೇಟಿ?" ಎಂದ ಸುಭಾನ. ದನಿಯಲ್ಲಿ ಸಿಟ್ಟಿರಲಿಲ್ಲ.

ಲಗಮಣ್ಣ ಬರೆದುಕೊಳ್ಳುತ್ತ ಕುಳಿತ. ವಹಿಯಲ್ಲಿ ಇಲ್ಲದ ಒಂದು ಮೋಟಾರು ಸುಟ್ಟು ಬಂದು ಬಿದ್ದಿತ್ತು. ಸುಭಾನ ಅದರೊಳಗಿನ ತಂತಿಯ ಕಾಯಿಲು ಕತ್ತರಿಸಿ, ಕಪ್ಪಾದ ಎಳೆಗಳನ್ನು ಒಂದೊಂದಾಗಿ ಎಣಿಸತೊಡಗಿದ. ನಲವತ್ತೇಳಕ್ಕೆ ಕಣ್ಣು ಮಂಜಾಗಿ ಲೆಕ್ಕ ತಪ್ಪಿತು. ಕನ್ನಡಕ ಒರೆಸಿಕೊಂಡು ಮತ್ತೆ ಒಂದರಿಂದ ಹಿಡಿದ.